ಪ್ಲೇಲಿಸ್ಟ್ ಬಂತು, ಹಾಡು ಬರಲಿಲ್ಲ

ಹೊಸ ಕಂಪ್ಯೂಟರ್ ಕೊಂಡವರು ಹಳೆಯದರಲ್ಲಿದ್ದ ಫೋಟೊ, ಕಾಗದಪತ್ರಗಳನ್ನೆಲ್ಲ ಸರಿಯಾಗಿಯೇ ತಂದುಕೊಳ್ಳುತ್ತಾರೆ. ಎಡವುವುದು ಪ್ಲೇಲಿಸ್ಟ್ ಹತ್ತಿರ. ವರ್ಷಗಟ್ಟಲೆ ಜೋಡಿಸಿದ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿ ತಂದು ತೆರೆದರೆ ಹಾಡಿನ ಹೆಸರುಗಳೆಲ್ಲ ಸಾಲಾಗಿ ಕಾಣುತ್ತವೆ, ಒತ್ತಿದರೆ ಒಂದೂ ಹಾಡುವುದಿಲ್ಲ. ಪ್ಲೇಯರ್ ಕೆಟ್ಟಿದೆ ಎಂದುಕೊಂಡು ಅದನ್ನು ಕಿತ್ತು ಮತ್ತೆ ಹಾಕುವವರನ್ನು, ಅದಕ್ಕೂ ಬಗ್ಗದಿದ್ದಾಗ ಪಟ್ಟಿಯನ್ನು ಮೊದಲಿನಿಂದ ಕಟ್ಟಲು ಕೂರುವವರನ್ನು ಬೇಕಾದಷ್ಟು ನೋಡಿದ್ದೇನೆ.

ಪ್ಲೇಯರ್ ಕೆಟ್ಟಿರುವುದಿಲ್ಲ. ಪ್ಲೇಲಿಸ್ಟ್ ಫೈಲಿನೊಳಗೆ ಹಾಡೇ ಇರುವುದಿಲ್ಲ. ಹಾಡು ಯಾವ ಡ್ರೈವ್‌ನ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಗಾತ್ರ ನೋಡಿದರೇ ಗೊತ್ತಾಗುತ್ತದೆ. 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ನಿಮಿಷದ ಸಂಗೀತಕ್ಕೇ ಸುಮಾರು 1 ಎಂಬಿ ಬೇಕು. ನಿಮ್ಮ ಮುನ್ನೂರು ಹಾಡಿನ ಪಟ್ಟಿ 30 ಕೆಬಿ ಇದ್ದರೆ ಅದರಲ್ಲಿ ಹಾಡು ಎಲ್ಲಿಂದ ಬರಬೇಕು?

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಮಾತ್ರ ಕೇಳುವವರು ಇಷ್ಟೆಲ್ಲ ಓದಬೇಕಿಲ್ಲ. ಅವರ ಪ್ಲೇಲಿಸ್ಟ್ ಖಾತೆಯಲ್ಲಿರುತ್ತದೆ, ಲಾಗಿನ್ ಆದರೆ ಮುಗಿಯಿತು. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡುಗಳ ಫೋಲ್ಡರನ್ನು ಹುಡುಕಿ ಕಾಪಿ ಮಾಡಲು ಹೋಗಬೇಡಿ. ಅವು ಬೀಗ ಹಾಕಿದ ಫೈಲುಗಳು, ಬೇರೆ ಪ್ಲೇಯರಿನಲ್ಲಿ ಹಾಡುವುದಿಲ್ಲ.

ಸ್ವಂತ ಹಾಡಿನ ಸಂಗ್ರಹ ಇರುವವರು ಮುಂದೆ ಓದಿ.

ಮೊದಲು ಹಳೆಯ ಕಂಪ್ಯೂಟರಿನಲ್ಲೇ ಹಾಡುಗಳು ಒಂದು ಕಡೆ ಇವೆಯೇ ನೋಡಿ. ಸಾಮಾನ್ಯವಾಗಿ ಅರ್ಧ ಮ್ಯೂಸಿಕ್ ಫೋಲ್ಡರಿನಲ್ಲಿ, ಕಾಲುಭಾಗ ಡೌನ್‌ಲೋಡ್ಸ್‌ನಲ್ಲಿ, ಉಳಿದದ್ದು ಡೆಸ್ಕ್‌ಟಾಪ್ ಮೇಲೆ ಹರಡಿರುತ್ತದೆ. ಹಾಗಂತ ಕೈಯಿಂದ ಎಳೆದು ಒಂದೆಡೆ ಸೇರಿಸಬೇಡಿ. ಸೇರಿಸಿದ ಕ್ಷಣವೇ ಪಟ್ಟಿಯಲ್ಲಿರುವ ವಿಳಾಸಗಳು ಸುಳ್ಳಾಗುತ್ತವೆ. ಆ ಕೆಲಸವನ್ನು ಪ್ಲೇಯರಿಗೇ ಬಿಡಿ; ಅದು ಫೈಲನ್ನು ಸರಿಸುವಾಗ ತನ್ನ ಲೆಕ್ಕವನ್ನೂ ತಿದ್ದಿಕೊಳ್ಳುತ್ತದೆ. ಐಟ್ಯೂನ್ಸ್‌ನಲ್ಲಿ ಇದಕ್ಕೆ ಕನ್ಸಾಲಿಡೇಟ್ ಫೈಲ್ಸ್ ಎಂಬ ಆಯ್ಕೆ ಇದೆ, ಮ್ಯೂಸಿಕ್‌ಬೀಯಲ್ಲೂ ಫೈಲುಗಳನ್ನು ಓರಣವಾಗಿ ಜೋಡಿಸುವ ಸೌಲಭ್ಯ ಇದೆ.

ಆಮೇಲೆ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ. ಯಾವ ಬಗೆ ಎಂದು ಕೇಳಿದಾಗ ಎಂ3ಯು8 ಆರಿಸಿ. ಇದರಲ್ಲಿ ನನ್ನದು ಹಟವೇ. ವಿಂಡೋಸ್ ಮೀಡಿಯಾ ಪ್ಲೇಯರಿನ ಡಬ್ಲ್ಯುಪಿಎಲ್, ವಿಎಲ್‌ಸಿಯ ಎಕ್ಸ್‌ಎಸ್‌ಪಿಎಫ್ ಇವೆಲ್ಲ ತಂತಮ್ಮ ಮನೆಯಲ್ಲಿ ಚೆನ್ನ, ಪರರ ಮನೆಯಲ್ಲಿ ಒದ್ದಾಡುತ್ತವೆ. ಕೊನೆಯ 8 ಅನ್ನೂ ಬಿಡಬೇಡಿ. ಅದು ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆದಿಡಬಲ್ಲ ಯುಟಿಎಫ್-8 ಪದ್ಧತಿಯ ಗುರುತು, ಅಂದರೆ ಕನ್ನಡದ ಫೈಲ್ ಹೆಸರುಗಳು ಹಾಗೇ ಉಳಿಯುತ್ತವೆ. ಬರೀ ಎಂ3ಯು ಆದರೆ ಅವೇ ಹೆಸರುಗಳು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರಬಹುದು.

ಇನ್ನು ಎಲ್ಲರೂ ಸೋಲುವ ಜಾಗ, ವಿಳಾಸ ತಿದ್ದುವುದು. ಎಕ್ಸ್‌ಪೋರ್ಟ್ ಆದ ಫೈಲಿನ ಒಂದು ಪ್ರತಿ ತೆಗೆದಿಟ್ಟು, ಮತ್ತೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಹೆದರುವಂಥದ್ದೇನಿಲ್ಲ, ಅದು ಸಾದಾ ಅಕ್ಷರಗಳ ಫೈಲು. # ಗುರುತಿನಿಂದ ಶುರುವಾಗುವ ಸಾಲುಗಳಲ್ಲಿ ಹಾಡಿನ ಹೆಸರು ಮತ್ತು ಸೆಕೆಂಡುಗಳಲ್ಲಿ ಅದರ ಅವಧಿ ಇರುತ್ತದೆ, ಅವುಗಳನ್ನು ಮುಟ್ಟಬೇಡಿ. ಅವುಗಳ ಕೆಳಗಿನ ಸಾಲೇ ವಿಳಾಸ. ಹೆಚ್ಚುಕಡಿಮೆ ಹೀಗಿರುತ್ತದೆ:

ಸಿ:\ಯೂಸರ್ಸ್\ಹಳೆಹೆಸರು\ಮ್ಯೂಸಿಕ್\ಭಾವಗೀತೆ\ಹಾಡು1.ಎಂಪಿ3

ಈ ಸಾಲಿನಲ್ಲಿ ಕಾಟ ಕೊಡುವುದು ಹಳೆಹೆಸರು. ಹೊಸ ಕಂಪ್ಯೂಟರಿನಲ್ಲಿ ನಿಮ್ಮ ಬಳಕೆದಾರ ಹೆಸರು ಒಂದಕ್ಷರ ಬೇರೆಯಾದರೂ ಈ ವಿಳಾಸದಲ್ಲಿ ಯಾರೂ ಸಿಗುವುದಿಲ್ಲ. ಹಾಡುಗಳು ಡಿ ಡ್ರೈವ್‌ನಲ್ಲಿದ್ದು, ಹೊಸದರಲ್ಲಿ ಡಿ ಡ್ರೈವೇ ಇಲ್ಲದಿದ್ದರೂ ಅದೇ ಗತಿ.

ಹಳೆಯ ವಿಳಾಸ ಅಳಿಸಿ ಹೊಸ ವಿಳಾಸ ಬರೆಯುವುದು ಹಲವರು ಹೇಳುವ ದಾರಿ. ನಾನು ಒಪ್ಪುವುದಿಲ್ಲ, ಮುಂದಿನ ಕಂಪ್ಯೂಟರಿಗೆ ಹೋದಾಗ ಮತ್ತೆ ಇದೇ ಪಾಡು. ಬದಲಿಗೆ ವಿಳಾಸದ ತಲೆಯನ್ನೇ ಕತ್ತರಿಸಿ. ಕಂಟ್ರೋಲ್ ಜೊತೆ ಎಚ್ ಒತ್ತಿ. ಹುಡುಕುವ ಪೆಟ್ಟಿಗೆಯಲ್ಲಿ ಸಿ:\ ಇಂದ ಹಿಡಿದು ಮ್ಯೂಸಿಕ್\ ವರೆಗಿನ ಭಾಗವನ್ನು ಹಾಕಿ. ಟೈಪ್ ಮಾಡಬೇಡಿ, ಸಾಲಿನಿಂದಲೇ ಕಾಪಿ ಮಾಡಿ. ಕೊನೆಯ ಓರೆಗೆರೆಯೂ ಸೇರಿರಲಿ. ಬದಲಿ ಪೆಟ್ಟಿಗೆಯನ್ನು ಖಾಲಿ ಬಿಟ್ಟು ರಿಪ್ಲೇಸ್ ಆಲ್ ಒತ್ತಿ. ಈಗ ಉಳಿಯುವುದು ಇಷ್ಟೇ:

ಭಾವಗೀತೆ\ಹಾಡು1.ಎಂಪಿ3

ಇಂಥ ಅರೆ ವಿಳಾಸವನ್ನು ಪ್ಲೇಯರುಗಳು ಪ್ಲೇಲಿಸ್ಟ್ ಫೈಲ್ ಕೂತಿರುವ ಫೋಲ್ಡರಿನಿಂದ ಲೆಕ್ಕ ಹಾಕುತ್ತವೆ. ಆದ್ದರಿಂದ ಈ ಫೈಲನ್ನು ಮ್ಯೂಸಿಕ್ ಫೋಲ್ಡರಿನೊಳಗೇ, ಭಾವಗೀತೆ ಫೋಲ್ಡರಿನ ಪಕ್ಕದಲ್ಲೇ ಇಡಬೇಕು. ಡೆಸ್ಕ್‌ಟಾಪ್ ಮೇಲಿಟ್ಟು ತೆರೆದರೆ ಮತ್ತೆ ಮೌನವೇ. ಇಟ್ಟ ಮೇಲೆ ಹಳೆಯ ಕಂಪ್ಯೂಟರಿನಲ್ಲೇ ಒಮ್ಮೆ ಹಾಡಿಸಿ ನೋಡಿ. ಅಲ್ಲಿ ಹಾಡದ್ದು ಹೊಸದರಲ್ಲೂ ಹಾಡುವುದಿಲ್ಲ.

ವಿಂಡೋಸ್‌ನಿಂದ ಮ್ಯಾಕ್‌ಗೋ ಲಿನಕ್ಸ್‌ಗೋ ಹೋಗುವವರಿಗೆ ಇನ್ನೊಂದು ತಿದ್ದುಪಡಿ. ವಿಂಡೋಸ್‌ನ ಓರೆಗೆರೆ \ ಎಡಕ್ಕೆ ವಾಲಿರುತ್ತದೆ, ಅವೆರಡರಲ್ಲಿ / ಬಲಕ್ಕೆ. ಅದನ್ನೂ ರಿಪ್ಲೇಸ್ ಆಲ್‌ನಲ್ಲೇ ಬದಲಿಸಿ. ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಎಂಬುದೂ ನೆನಪಿರಲಿ.

ಸೇವ್ ಮಾಡುವಾಗ ಎನ್‌ಕೋಡಿಂಗ್ ಕಡೆ ಕಣ್ಣಿಡಿ: ಯುಟಿಎಫ್-8 ಸಾಕು, ಬಿಒಎಂ ಸಹಿತ ಎಂದಿರುವುದು ಬೇಡ. ಬಿಒಎಂ ಎಂದರೆ ಫೈಲಿನ ತಲೆಗೆ ಅಂಟುವ, ಕಣ್ಣಿಗೆ ಕಾಣದ ಗುರುತು. ಅದರಿಂದಾಗಿ ಮೊದಲ ಸಾಲನ್ನು ಗುರುತಿಸದೆ ಮುಗ್ಗರಿಸುವ ಪ್ಲೇಯರುಗಳಿವೆ.

ಕನ್ನಡದಲ್ಲಿ ಫೈಲ್ ಹೆಸರಿಟ್ಟವರಿಗೆ ಮ್ಯಾಕ್‌ನಲ್ಲಿ ಒಂದು ವಿಚಿತ್ರ ಕಾಡಬಹುದು. ಯೂನಿಕೋಡ್‌ನಲ್ಲಿ ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ಊಕಾರದ ಚಿಹ್ನೆ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ, ಪ್ಲೇಯರಿಗೆ ಬೇರೆ ಬೇರೆ ಆಗಬಹುದು. ಪಟ್ಟಿಯಲ್ಲಿ ಕೆಲವು ಹಾಡು ಮಾತ್ರ ಸಿಗದೆ, ಅವುಗಳ ಹೆಸರಿನಲ್ಲೆಲ್ಲ ಒ, ಓ, ಏ, ಐ, ಈ ಸ್ವರಚಿಹ್ನೆಗಳಿದ್ದರೆ ಇದನ್ನೇ ಶಂಕಿಸಿ. ನನ್ನ ಸಲಹೆ ಕೇಳುವುದಾದರೆ ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಹಾಡಿನ ಹೆಸರನ್ನು ಎಂಪಿ3ಯ ಟ್ಯಾಗ್‌ನಲ್ಲಿ ಕನ್ನಡದಲ್ಲೇ ಬರೆಯಿರಿ. ಟ್ಯಾಗ್ ಫೈಲಿನೊಳಗೇ ಇರುವುದರಿಂದ ಹೋದಲ್ಲೆಲ್ಲ ಜೊತೆಗೆ ಬರುತ್ತದೆ.

ಸಾಗಿಸುವುದು ಸುಲಭ: ಇಡೀ ಮ್ಯೂಸಿಕ್ ಫೋಲ್ಡರನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಅಲ್ಲಿಂದ ಹೊಸದಕ್ಕೆ ಹಾಕಿ. ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಆಗಿದ್ದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ಓದು-ಬರಹ ನಡೆಯುತ್ತದೆ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಅದನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಸರಿಹೊಂದುತ್ತದೆಯೇ ನೋಡಿ.

ಹಣ ಕೊಟ್ಟು ಕೊಳ್ಳುವ ‘ಒಂದೇ ಕ್ಲಿಕ್’ ವರ್ಗಾವಣೆ ತಂತ್ರಾಂಶಗಳ ಜಾಹೀರಾತು ಎದುರಾಗುತ್ತದೆ. ಅಂಥದ್ದೊಂದನ್ನು ಬಳಸಿದವರ ಕಂಪ್ಯೂಟರ್ ನೋಡಿದೆ. ಪ್ರತಿ ಹಾಡೂ ಎರಡೆರಡು ಸಲ ಕೂತಿತ್ತು, ಪಟ್ಟಿ ಖಾಲಿ ಇತ್ತು. ನೋಟ್‌ಪ್ಯಾಡ್ ಮಾಡುವ ಕೆಲಸಕ್ಕೆ ಕಾಸು ಬಿಚ್ಚಬೇಡಿ.

ಆದರೆ ಎಂ3ಯು8ನಲ್ಲಿ ಬರದವೂ ಇವೆ: ಯಾವ ಹಾಡನ್ನು ಎಷ್ಟು ಸಲ ಕೇಳಿದ್ದೀರಿ, ಎಷ್ಟು ನಕ್ಷತ್ರ ಕೊಟ್ಟಿದ್ದೀರಿ ಎಂಬ ಲೆಕ್ಕ, ಹಾಡುಗಳನ್ನು ತಾನೇ ಆರಿಸಿಕೊಳ್ಳುವ ಸ್ಮಾರ್ಟ್ ಪ್ಲೇಲಿಸ್ಟಿನ ನಿಯಮಗಳು. ಇವು ಪ್ಲೇಯರಿನ ದತ್ತಕೋಶದಲ್ಲಿರುತ್ತವೆ. ಐಟ್ಯೂನ್ಸ್‌ನಿಂದ ಐಟ್ಯೂನ್ಸ್‌ಗೇ ಹೋಗುವವರು ಕನ್ಸಾಲಿಡೇಟ್ ಮಾಡಿ, ಐಟ್ಯೂನ್ಸ್ ಫೋಲ್ಡರನ್ನು ಇಡಿಯಾಗಿ ಒಯ್ಯಲಿ. ಹೊಸದರಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ಐಟ್ಯೂನ್ಸ್ ತೆರೆದರೆ ಯಾವ ಲೈಬ್ರರಿ ಎಂದು ಕೇಳುತ್ತದೆ, ತಂದದ್ದನ್ನು ತೋರಿಸಿ. ಮ್ಯಾಕ್‌ನಲ್ಲಿ 2019ರಿಂದ ಐಟ್ಯೂನ್ಸ್ ಬದಲು ಮ್ಯೂಸಿಕ್ ಆ್ಯಪ್ ಇದೆ, ಅದನ್ನು ಆಪ್ಷನ್ ಕೀ ಒತ್ತಿ ಹಿಡಿದು ತೆರೆಯಿರಿ.

ಐಟ್ಯೂನ್ಸ್‌ನಲ್ಲಿ ಖರೀದಿ ಮಾಡಿದ್ದವರು ಹಳೆಯ ಕಂಪ್ಯೂಟರನ್ನು ಮಾರುವ ಮುನ್ನ ಅಕೌಂಟ್ ಮೆನುವಿನಲ್ಲಿ ಡೀಆಥರೈಸ್ ಒತ್ತಿ ಅದರ ಅನುಮತಿ ರದ್ದು ಮಾಡಬೇಕು. ಒಂದು ಖಾತೆಗೆ 5 ಕಂಪ್ಯೂಟರುಗಳಿಗಷ್ಟೇ ಅನುಮತಿ. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಹಳೆಯದು ಆ ಲೆಕ್ಕದಿಂದ ಹೊರಬೀಳುವುದಿಲ್ಲ.