ಚೇಳು ಸಾಕುವ ಆಸೆಯೇ? ಮೊದಲು ಅದರ ಪೂರ್ತಿ ಹೆಸರು ಕೇಳಿ

ಎರಡು ಗಾಜಿನ ಡಬ್ಬಿ. ಎರಡರಲ್ಲೂ ಒಂದೊಂದು ಹಳದಿ ಚೇಳು. ಎರಡೂ ಏಳೆಂಟು ಸೆಂಟಿಮೀಟರ್ ಉದ್ದ. ಎರಡರ ಮೂಲವೂ ಉತ್ತರ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಒಣನೆಲ. ಒಂದು ಕುಟುಕಿದರೆ ಸಾಮಾನ್ಯವಾಗಿ ಜೇನುನೊಣ ಚುಚ್ಚಿದಷ್ಟು ಉರಿ. ಇನ್ನೊಂದು ಕುಟುಕಿದರೆ ಆಸ್ಪತ್ರೆಗೆ ಓಡಬೇಕು. ಮೊದಲನೆಯದು ಸ್ಕಾರ್ಪಿಯೊ ಮಾರಸ್. ಎರಡನೆಯದು ಲಿಯೂರಸ್ ಕ್ವಿಂಕ್ವೆಸ್ಟ್ರಿಯೇಟಸ್, ಡೆತ್‌ಸ್ಟಾಕರ್ ಅಂತ ಹೆಸರು ಮಾಡಿದ್ದು. ಮಾರುವವರು ಎರಡಕ್ಕೂ ‘ಹಳದಿ ಚೇಳು’ ಅಂತ ಚೀಟಿ ಅಂಟಿಸಿಬಿಟ್ಟರೆ?

ಆದ್ದರಿಂದ ಡಬ್ಬಿ, ಮಣ್ಣು, ಊಟದ ಯೋಚನೆ ಎಲ್ಲ ಆಮೇಲೆ. ಮಧ್ಯಮ ಗಾತ್ರದ ಒಂದು ಚೇಳು ಆರಿಸಿ ಸಾಕುವ ಹಂತಗಳು ಇಲ್ಲಿವೆ. ಮೊದಲ ಕೆಲಸ ಹೆಸರಿನದು.

ಹಂತ 1: ವೈಜ್ಞಾನಿಕ ಹೆಸರಿಲ್ಲದ ಚೇಳು ಬೇಡ

ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಚೇಳಿನ ಜಾತಿಗಳು 2,500ಕ್ಕೂ ಜಾಸ್ತಿ. ಮನುಷ್ಯರ ಜೀವಕ್ಕೆ ಅಪಾಯ ತರುವಂಥವು ಇದರಲ್ಲಿ ಕೆಲವೇ ಡಜನ್. ಅವುಗಳಲ್ಲಿ ಹೆಚ್ಚಿನವು ಬ್ಯೂಥಿಡೆ ಅನ್ನುವ ಒಂದೇ ಕುಟುಂಬಕ್ಕೆ ಸೇರಿದವು. ಲಿಯೂರಸ್, ಆಂಡ್ರೊಕ್ಟೋನಸ್, ಪ್ಯಾರಾಬ್ಯೂಥಸ್, ಹೊಟ್ಟೆಂಟೋಟ, ಟಿಟಿಯಸ್, ಸೆಂಟ್ರುರಾಯ್ಡಿಸ್: ಹೆಸರಿನ ಮೊದಲ ಪದ ಇವುಗಳಲ್ಲಿ ಒಂದಾಗಿದ್ದರೆ ಹೊಸಬರು ಅಲ್ಲಿಗೇ ಬಿಟ್ಟುಬಿಡುವುದು ವಾಸಿ. ಈ ಗುಂಪುಗಳ ಎಲ್ಲ ಚೇಳುಗಳೂ ಕೊಲ್ಲುವುದಿಲ್ಲ, ನಿಜ. ಆದರೆ ಯಾವುದು ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ ಅಂತ ಮನೆಯಲ್ಲಿ ಪರೀಕ್ಷೆ ಮಾಡಲಿಕ್ಕೆ ಆಗುತ್ತದೆಯೇ? ಚೇಳಿನ ಮಂತ್ರ ಬಾರದವನು ಹಾವಿನ ಹುತ್ತಕ್ಕೆ ಕೈ ಹಾಕಿದ ಅಂತಾರಲ್ಲ, ಹಾಗಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಟಿಟಿಯಸ್ ಸೆರುಲಾಟಸ್ ಹೆಣ್ಣು ಗಂಡಿಲ್ಲದೆಯೇ ಮರಿ ಹಾಕಬಲ್ಲದು. ಒಂದು ತಂದರೆ ಕೆಲವು ತಿಂಗಳಲ್ಲಿ ಡಬ್ಬಿ ತುಂಬ ವಿಷದ ಚೇಳುಗಳು.

ಮಾರುವವರು ಪೂರ್ತಿ ಹೆಸರು ಹೇಳಲು ತಡವರಿಸಿದರೆ ಹಿಂದೆ ಬನ್ನಿ. ‘ಕಾಡಿನ ಚೇಳು’, ‘ಆಫ್ರಿಕದ ಚೇಳು’ ಅನ್ನುವುದು ಹೆಸರಲ್ಲ. ನೀವಿರುವ ಕಡೆ ಚೇಳು ಸಾಕಲು ಕಾನೂನಿನ ಅನುಮತಿ ಇದೆಯೇ ಅಂತಲೂ ಈ ಹಂತದಲ್ಲೇ ತಿಳಿದುಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳಿ. ಕಾಡಿನಿಂದ, ಕಲ್ಲಿನಡಿಯಿಂದ ಹಿಡಿದು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಹಂತ 2: ಇಕ್ಕಳ ನೋಡಿ, ಬಾಲ ನೋಡಿ

ಚೀಟಿಯಲ್ಲಿ ಬರೆದದ್ದು ಸರಿಯೇ ಅಂತ ಕಣ್ಣಿನಿಂದ ಪರೀಕ್ಷಿಸುವ ದಾರಿ ಒಂದಿದೆ. ಮೇಲೆ ಹೇಳಿದ ಎರಡು ಹಳದಿ ಚೇಳುಗಳನ್ನೇ ತೆಗೆದುಕೊಳ್ಳಿ. ಸ್ಕಾರ್ಪಿಯೊ ಮಾರಸ್‌ನ ಇಕ್ಕಳ ಉಬ್ಬಿದ ಬೀಜದ ಹಾಗೆ ಗುಂಡಗೆ, ದಪ್ಪಗೆ. ಬೇಟೆಯನ್ನು ಹಿಸುಕುವ ಶಕ್ತಿಯೆಲ್ಲ ಅಲ್ಲೇ ಇದೆ, ಕೊಂಡಿಯ ಅಗತ್ಯ ಕಡಿಮೆ. ಡೆತ್‌ಸ್ಟಾಕರ್‌ನ ಇಕ್ಕಳ ಕಡ್ಡಿಯ ಹಾಗೆ ಸಣ್ಣಗೆ, ನೀಳವಾಗಿ ಇರುತ್ತದೆ. ಹಿಡಿಯಲು ಬಲವಿಲ್ಲದ್ದಕ್ಕೆ ವಿಷವನ್ನೇ ನಂಬಿದೆ.

ಇಕ್ಕಳ ದಪ್ಪ ಇದ್ದರೆ ವಿಷ ಸಾಧು, ಇಕ್ಕಳ ಸಣ್ಣಗಿದ್ದು ಬಾಲ ದಪ್ಪ ಇದ್ದರೆ ಜೋಪಾನ. ಇದು ಚೇಳು ಸಾಕುವವರ ಹಳೆಯ ಲೆಕ್ಕ. ಬಹುಪಾಲು ಸರಿಯಾಗುತ್ತದೆ, ಆದರೆ ಪೂರ್ತಿ ನಂಬಬೇಡಿ. ಇರಾನ್, ಇರಾಕ್ ಕಡೆಯ ಹೆಮಿಸ್ಕಾರ್ಪಿಯಸ್ ಲೆಪ್ಟುರಸ್ ಬಾಲ ಸಣ್ಣಗಿದ್ದೂ ಮಾಂಸ ಕೊಳೆಸುವಂಥ ವಿಷ ಇರುವ ಚೇಳು. ಲೆಕ್ಕ ಹೆಸರಿಗೆ ಸಾಕ್ಷಿಯಾಗಬೇಕು, ಹೆಸರಿನ ಬದಲಿಗೆ ಅಲ್ಲ.

ಹಂತ 3: ಮಧ್ಯಮ ಗಾತ್ರ ಅಂದರೆ ಎಷ್ಟು?

ಬಾಯಿಯಿಂದ ಬಾಲದ ತುದಿವರೆಗೆ ಅಳೆದರೆ 5ರಿಂದ 9 ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. ಇಲ್ಲಿ ಮೋಸ ಹೋಗುವುದು ಸುಲಭ. ಪಶ್ಚಿಮ ಆಫ್ರಿಕಾದ ದೊಡ್ಡ ಕಪ್ಪು ಚೇಳು ಎಂಪರರ್, ಅದರ ಮರಿಯೂ ಒಂದು ಹಂತದಲ್ಲಿ 6 ಸೆಂಟಿಮೀಟರ್ ಇರುತ್ತದೆ, ಆಮೇಲೆ 20ರವರೆಗೆ ಬೆಳೆಯುತ್ತದೆ. ಹಾಗಾಗಿ ಈಗ ಎಷ್ಟಿದೆ ಅಂತಲ್ಲ, ಬೆಳೆದ ಮೇಲೆ ಎಷ್ಟಾಗುತ್ತದೆ ಅಂತ ಕೇಳಿ. ಅಂದಹಾಗೆ ಎಂಪರರ್ 1995ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಗಡಿ ದಾಟಿಸಿದ್ದಕ್ಕೆ ಕಾಗದಪತ್ರ ಬೇಕೇ ಬೇಕು.

ಹಂತ 4: ಮಣ್ಣು ನೋಡಿ ಚೇಳು ಆರಿಸಿ

ಬಣ್ಣ ನೋಡಿ ಆರಿಸಿದವರು ಬೇಗ ಬೇಸರಪಡುತ್ತಾರೆ. ನನ್ನ ಮಟ್ಟಿಗೆ ಆಯ್ಕೆಯ ಗುಟ್ಟು ಒಂದೇ: ನೀವು ಯಾವ ಥರದ ನೆಲವನ್ನು ಡಬ್ಬಿಯಲ್ಲಿ ಮಾಡಿ, ವರ್ಷಗಟ್ಟಲೆ ಕಾಪಾಡಬಲ್ಲಿರಿ? ಚೇಳಿನ ಅರ್ಧ ಬದುಕು ಮಣ್ಣಿನೊಳಗೇ. ಮಣ್ಣು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

*ಸ್ಕಾರ್ಪಿಯೊ ಮಾರಸ್:* 6ರಿಂದ 8 ಸೆಂಟಿಮೀಟರ್. ತೋಡುವುದರಲ್ಲಿ ನಿಪುಣ. ಮರಳಿಗೆ ಜೇಡಿಮಣ್ಣು ಬೆರೆಸಿ, ಸ್ವಲ್ಪ ನೀರು ಹಾಕಿ ಒತ್ತಿ, ಒಣಗಲು ಬಿಡಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗಿ ನಿಲ್ಲಬೇಕು, ಬೆರಳಿಂದ ಒತ್ತಿದರೆ ಪುಡಿಯಾಗಬೇಕು. ಅದೇ ಹದ. ಕನಿಷ್ಠ 15 ಸೆಂಟಿಮೀಟರ್ ಆಳ ಕೊಡಿ. ಸ್ವಭಾವ ಮಾತ್ರ ಮುಂಗೋಪಿ. ಬಿಲದ ಬಾಯಲ್ಲಿ ಎರಡೂ ಇಕ್ಕಳ ಎತ್ತಿ ನಿಂತರೆ ಬಾಗಿಲು ಹಾಕಿದ ಹಾಗೆಯೇ.

*ಪ್ಯಾರಾವೇಜೋವಿಸ್ ಸ್ಪಿನಿಜೆರಸ್:* ಅಮೆರಿಕದ ಅರಿಜೋನಾ ಕಡೆಯ ಚೇಳು. ಬಾಲದ ಕೆಳಗೆ ಉದ್ದುದ್ದ ಕಪ್ಪು ಗೆರೆಗಳಿವೆ. 5ರಿಂದ 7 ಸೆಂಟಿಮೀಟರ್. ಕಲ್ಲಿನಡಿ ಗೀಚಿಕೊಂಡು ಕೂರುವ ಜಾತಿ, ಹೆಚ್ಚು ಆಳ ಕೇಳುವುದಿಲ್ಲ. ಕುಟುಕಿದರೆ ನೋವಿದೆ, ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಮೊದಲ ಚೇಳು ಯಾವುದು ಅಂತ ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ.

*ಸ್ಮೆರಿಂಗ್ಯುರಸ್ ಮೆಸೆನ್ಸಿಸ್:* ಮರಳು ದಿಬ್ಬದ ಚೇಳು, ಸುಮಾರು 7 ಸೆಂಟಿಮೀಟರ್. ಇದಕ್ಕೆ ಸಡಿಲ ಮರಳೇ ಬೇಕು. ಇದು ಬೇಟೆ ಹುಡುಕುವುದು ಕಣ್ಣಿನಿಂದಲ್ಲ, ಕಾಲಿನಿಂದ. ಮರಳಿನ ಮೇಲೆ ಹುಳ ಕದಲಿದರೆ ಅಲೆಯಂತೆ ಬರುವ ನಡುಕ ಎಂಟು ಕಾಲುಗಳಿಗೂ ಒಂದೇ ಕ್ಷಣಕ್ಕೆ ತಾಗುವುದಿಲ್ಲ. ಹತ್ತಿರದ ಕಾಲಿಗೆ ಮೊದಲು, ದೂರದ ಕಾಲಿಗೆ ಆಮೇಲೆ. ಆ ಅಂತರ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದ್ದು. ಅಷ್ಟರಲ್ಲೇ ಹುಳ ಯಾವ ದಿಕ್ಕಿನಲ್ಲಿದೆ ಅಂತ ಚೇಳಿಗೆ ಗೊತ್ತಾಗುತ್ತದೆ. 1970ರ ದಶಕದಲ್ಲಿ ಜೀವವಿಜ್ಞಾನಿ ಫಿಲಿಪ್ ಬ್ರೌನೆಲ್ ಇದನ್ನು ತೋರಿಸಿಕೊಟ್ಟರು. ಡಬ್ಬಿಯನ್ನು ಫ್ರಿಜ್ಜಿನ ಮೇಲೆ ಇಡಬೇಡಿ ಅನ್ನುವುದು ಇದಕ್ಕೇ. ಆ ಗುಂಯ್‌ಗುಡುವ ನಡುಕದಲ್ಲಿ ಅದಕ್ಕೆ ನೆಮ್ಮದಿ ಎಲ್ಲಿ?

*ಬ್ಯಾಬಿಕ್ಯುರಸ್ ಜಾಕ್ಸೋನಿ:* ಪೂರ್ವ ಆಫ್ರಿಕಾದ ಕೆಂಪು ಚೇಳು. ನೋಡಲು ಇವೆಲ್ಲಕ್ಕಿಂತ ಚೆಂದ. ಮರದ ತೊಗಟೆ, ತುಸು ತೇವ ಬೇಕು. ಗುಂಪಿನಲ್ಲೂ ಹೊಂದಿಕೊಳ್ಳುತ್ತದೆ. ಆದರೆ ಬ್ಯೂಥಿಡೆ ಕುಟುಂಬದ್ದು, ಓಟವೂ ಚುರುಕು. ಎರಡು-ಮೂರು ವರ್ಷ ಬೇರೆ ಚೇಳು ಸಾಕಿದವರಿಗೆ ಮಾತ್ರ.

ಹಂತ 5: ಕೊಳ್ಳುವ ಮುನ್ನ ಭೂತಗನ್ನಡಿ

ಕಾಡಿನಿಂದ ಹಿಡಿದು ತಂದದ್ದಕ್ಕಿಂತ ಸಾಕಣೆಯಲ್ಲೇ ಹುಟ್ಟಿದ ಮರಿ ಮೇಲು. ಬೆನ್ನಿನ ಪಟ್ಟಿಗೂ ಹೊಟ್ಟೆಯ ಪಟ್ಟಿಗೂ ನಡುವೆ ಪಕ್ಕೆಯಲ್ಲಿ ಸ್ವಲ್ಪ ಮೆತ್ತನೆ ಚರ್ಮ ಕಾಣಬೇಕು. ಪಟ್ಟಿಗಳು ಒಂದರೊಳಗೊಂದು ಸೇರಿ ಚಪ್ಪಟೆಯಾಗಿದ್ದರೆ ಹಸಿದಿದೆ, ಬಾಯಾರಿದೆ. ಕಾಲಿನ ಕೀಲುಗಳಲ್ಲಿ ಬಿಳಿಯದೋ ಕಿತ್ತಳೆಯದೋ ಚುಕ್ಕೆಗಳಿದ್ದರೆ ಅವು ಅಂಟಿಕೊಂಡ ನುಸಿ ಇರಬಹುದು. ಒಣನೆಲದ ಚೇಳಿನ ಮೈಮೇಲೆ ಕಪ್ಪು ಕಲೆ ಇದ್ದರೆ ತೇವ ಜಾಸ್ತಿಯಾಗಿ ಬಂದ ಬೂಷ್ಟು ಇರಬಹುದು.

ಹೊಟ್ಟೆಯಡಿ ಒಂದು ಜೊತೆ ಬಾಚಣಿಗೆಯಂಥ ಅಂಗ ಇರುತ್ತದೆ. ಸಾಮಾನ್ಯವಾಗಿ ಗಂಡಿನ ಬಾಚಣಿಗೆ ದೊಡ್ಡದು, ಹಲ್ಲೂ ಜಾಸ್ತಿ. ಹೆಣ್ಣಾಗಿದ್ದು ಮೈ ತುಂಬ ಊದಿದ್ದರೆ ಗಬ್ಬವಾಗಿರಬಹುದು. ಚೇಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಂದು ಬೆಳಿಗ್ಗೆ ಬೆನ್ನ ಮೇಲೆ ಹತ್ತಿಪ್ಪತ್ತು ಬಿಳಿ ಮರಿ ಹೊತ್ತು ಕೂತಿದ್ದರೆ ಗಾಬರಿಯಾಗಬೇಡಿ, ಮುಟ್ಟಲೂಬೇಡಿ. ಮೊದಲ ಪೊರೆ ಬಿಟ್ಟ ಮೇಲೆ ಅವೇ ಇಳಿಯುತ್ತವೆ.

ಹಂತ 6: ಮನೆ ಮೊದಲು, ಚೇಳು ಆಮೇಲೆ

ಹೊಸಬರು ಒಂದು ಡಬ್ಬಿಗೆ ಒಂದೇ ಚೇಳು ಇಡಿ. ಇಲ್ಲದಿದ್ದರೆ ಒಂದು ಇನ್ನೊಂದನ್ನು ತಿನ್ನಬಹುದು. 30 ಸೆಂಟಿಮೀಟರ್ ಉದ್ದ, 20 ಅಗಲ ಸಾಕು. ಚೊಕ್ಕ ಗಾಜನ್ನು ಹತ್ತಲಾರದು, ಆದರೆ ಮೂಲೆಯ ಸಿಲಿಕೋನ್ ಅಂಟು ಹಿಡಿದು ಹತ್ತಿಬಿಡುತ್ತದೆ. ಹಾಗಾಗಿ ಬೀಗ ಬೀಳುವ ಮುಚ್ಚಳ ಇರಲೇಬೇಕು. ಭಾರದ ಕಲ್ಲನ್ನು ಮಣ್ಣಿನ ಮೇಲಿಡಬೇಡಿ, ಡಬ್ಬಿಯ ತಳದಲ್ಲೇ ಕೂರಿಸಿ ಸುತ್ತ ಮಣ್ಣು ತುಂಬಿ. ಇಲ್ಲದಿದ್ದರೆ ಚೇಳು ಅಡಿಯಲ್ಲಿ ತೋಡುವಾಗ ಕಲ್ಲು ಅದರ ಮೇಲೇ ಕುಸಿಯುತ್ತದೆ. ಬಿಸಿಗೆ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಬಳಸುವುದಾದರೆ ತಳಕ್ಕಲ್ಲ, ಒಂದು ಪಕ್ಕಕ್ಕೆ ಅಂಟಿಸಿ, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಜೊತೆಗೆ. ಸೆಖೆಯಾದಾಗ ಚೇಳು ಕೆಳಕ್ಕೆ ತೋಡುತ್ತದೆ. ಕೆಳಗೇ ಬೆಂಕಿ ಇದ್ದರೆ ಎಲ್ಲಿಗೆ ಹೋಗಬೇಕು?

ಬೆಳೆದ ಚೇಳಿಗೆ ವಾರಕ್ಕೊಂದು ಚಿಮ್ಮಂಡೆ ಅಥವಾ ಸಾಕಣೆಯ ಜಿರಳೆ ಸಾಕು. ಅಡುಗೆಮನೆಯ ಜಿರಳೆ ಬೇಡ, ಅದು ಯಾವ ಔಷಧಿ ತಿಂದು ಬಂದಿದೆಯೋ. ಬಾಟಲಿ ಮುಚ್ಚಳದಷ್ಟು ನೀರು, ಅದರಲ್ಲಿ ನಾಲ್ಕು ಹರಳು ಕಲ್ಲು. ತಿನ್ನದೆ ಬಿಟ್ಟ ಹುಳವನ್ನು ಮರುದಿನ ತೆಗೆಯಿರಿ. ಪೊರೆ ಬಿಡುವ ಚೇಳು ಮೆತ್ತಗಿರುತ್ತದೆ, ಆಗ ಚಿಮ್ಮಂಡೆಯೇ ಅದನ್ನು ಕಚ್ಚಿ ತಿಂದುಬಿಡಬಹುದು.

ಕೈಯಲ್ಲಿ ಎತ್ತಬೇಡಿ, ಎಷ್ಟೇ ಸಾಧು ಜಾತಿಯಾದರೂ. ಉದ್ದನೆಯ ಚಿಮುಟ ಬಳಸಿ. ಕುಟುಕಿದರೆ ತೊಳೆದು ತಣ್ಣನೆ ಬಟ್ಟೆ ಇಡಿ, ಕೊಯ್ಯುವುದು, ಚೀಪುವುದು ಬೇಡ. ಉಸಿರು ಕಟ್ಟಿದರೆ, ವಾಂತಿ, ಮೈತುಂಬ ಬೆವರು ಬಂದರೆ, ಕುಟುಕಿಸಿಕೊಂಡದ್ದು ಮಗುವಾದರೆ, ಕಾಯದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಮತ್ತೆ ಆ ಪೂರ್ತಿ ಹೆಸರೇ ಕೇಳುತ್ತಾರೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಟ್ಟಿರಿ.

ಚೇಳು ಕಾಣುತ್ತಲೇ ಇಲ್ಲ!

ಈ ದೂರು ಬಂದೇ ಬರುತ್ತದೆ. ನಾನೂ ಒಮ್ಮೆ ಮೂರು ವಾರ ಕಾದು, ಸತ್ತೇಹೋಗಿದೆ ಅಂತ ಚಮಚದಲ್ಲಿ ಮಣ್ಣು ಕೆದಕಿದ್ದೆ. ಜೀವಂತವಾಗಿಯೇ ಇತ್ತು. ಅದು ವಾರಗಟ್ಟಲೆ ಕೂತು ಕಟ್ಟಿದ ಬಿಲ ಮಾತ್ರ ಕುಸಿಯಿತು. ಕೆದಕುವ ಬದಲು ರಾತ್ರಿ ದೀಪ ಆರಿಸಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಾಕಿ. ಚೇಳಿನ ಹೊರಕವಚ ಹಸಿರು ನೀಲಿಯಾಗಿ ಹೊಳೆಯುತ್ತದೆ. ಆಗಷ್ಟೇ ಪೊರೆ ಬಿಟ್ಟದ್ದು ಹೊಳೆಯುವುದಿಲ್ಲ, ಕವಚ ಗಟ್ಟಿಯಾಗುವವರೆಗೆ ಕಾಯಬೇಕು. ಒಂದೆರಡು ನಿಮಿಷ ನೋಡಿ ಆರಿಸಿಬಿಡಿ, ಆ ಬೆಳಕು ಅದಕ್ಕೆ ಹಿತವಲ್ಲ. ಟಾರ್ಚ್ ಇಲ್ಲವೇ? ಮಲಗುವ ಮುನ್ನ ಬಿಲದ ಬಾಯಿಯ ಮುಂದಿನ ಮರಳನ್ನು ಬ್ರಷ್ಷಿನಿಂದ ನಯವಾಗಿ ಸವರಿಡಿ. ಬೆಳಿಗ್ಗೆ ಎದ್ದು ನೋಡಿದರೆ ಚುಕ್ಕೆ ಚುಕ್ಕೆಯಾಗಿ ಹೆಜ್ಜೆ ಗುರುತು ಬಿದ್ದಿರುತ್ತದೆ.