ಸೌದಿ–ಇರಾನ್ ಸುದ್ದಿ ಓದುವಾಗ ಏನೇನು ನೋಡಬೇಕು

ಕೈಕುಲುಕುವ ಫೋಟೊಗಳನ್ನು ಬದಿಗಿಟ್ಟು, ರಾಯಭಾರಿಗಳು ಎಲ್ಲಿದ್ದಾರೆ ಎಂದು ಮೊದಲು ನೋಡಿ. ಮುನಿಸಿನಲ್ಲಿ ಮೂರು ಹಂತಗಳಿವೆ: ರಾಯಭಾರಿಯನ್ನು ವಾಪಸ್ ಕರೆಸುವುದು, ಸಂಬಂಧವನ್ನು ಕೆಳದರ್ಜೆಗೆ ಇಳಿಸುವುದು, ಪೂರ್ತಿ ಕಡಿದುಕೊಳ್ಳುವುದು. 2016ರ ಜನವರಿಯಲ್ಲಿ ಸೌದಿ ಅರೇಬಿಯಾ ಶಿಯಾ ಧರ್ಮಗುರು ನಿಮ್ರ್ ಅಲ್ ನಿಮ್ರ್ ಅವರಿಗೆ ಮರಣದಂಡನೆ ಜಾರಿ ಮಾಡಿತು. ಶಿಯಾ ಬಹುಸಂಖ್ಯಾತ ಇರಾನ್‌ನ ರಾಜಧಾನಿ ತೆಹ್ರಾನ್‌ನಲ್ಲಿ ಉದ್ರಿಕ್ತರು ಸೌದಿ ರಾಯಭಾರ ಕಚೇರಿಗೆ ನುಗ್ಗಿದರು. ಸೌದಿ, ಬಹ್ರೇನ್ ಎರಡೂ ಇರಾನ್ ಜೊತೆ ಸಂಬಂಧ ಕಡಿದುಕೊಂಡವು. ಕುವೈತ್ ರಾಯಭಾರಿಯನ್ನು ಕರೆಸಿಕೊಂಡಿತು. ಯುಎಇ ದರ್ಜೆಯನ್ನಷ್ಟೇ ಇಳಿಸಿತು. ಬಾಗಿಲು ಪೂರ್ತಿ ಮುಚ್ಚದ ಕುವೈತ್, ಯುಎಇಗಳ ರಾಯಭಾರಿಗಳು 2022ರಲ್ಲೇ ತೆಹ್ರಾನ್‌ಗೆ ಮರಳಿದರು. ಸೌದಿಗೆ 2023 ಬೇಕಾಯಿತು.

ಅಂದಿನ ಘಟನೆಯನ್ನೇ ಕಾರಣ ಎಂದುಕೊಳ್ಳಬೇಡಿ. ಸಿರಿಯಾದ ಯುದ್ಧದಲ್ಲಿ, 2015ರಿಂದ ಯೆಮನ್‌ನಲ್ಲಿ ಸೌದಿ, ಇರಾನ್ ಎದುರುಬದುರಾಗಿದ್ದವು. ಎಲ್ಲವನ್ನೂ ಸುನ್ನಿ–ಶಿಯಾ ಜಗಳ ಎಂದು ಬಗೆದರೆ 2017ರ ಕತಾರ್ ದಿಗ್ಬಂಧನ ಅರ್ಥವಾಗುವುದೇ ಇಲ್ಲ. ಸುನ್ನಿ ಅರಸರ ಸೌದಿ, ಯುಎಇ, ಬಹ್ರೇನ್‌ಗಳು ಈಜಿಪ್ಟ್ ಜೊತೆ ಸೇರಿ ಸುನ್ನಿ ಅರಸರ ಕತಾರ್‌ಗೇ ದಾರಿ ಮುಚ್ಚಿದವು. ಆಹಾರ ಕಳಿಸಿದ್ದು ಟರ್ಕಿ ಮತ್ತು ಇರಾನ್!

ಸಂಧಾನದ ಸುದ್ದಿಯಲ್ಲಿ ಯಾರು ಕೂತು ಮಾತಾಡಿದರು ಎಂಬುದು ಬಹಳ ಮುಖ್ಯ. 2021ರಲ್ಲಿ ಬಾಗ್ದಾದ್‌ನಲ್ಲಿ ಮಾತುಕತೆ ಶುರುವಾದಾಗ ಮುಂದೆ ಇದ್ದದ್ದು ಭದ್ರತೆ, ಗುಪ್ತಚರದ ಅಧಿಕಾರಿಗಳು. 2023ರ ಮಾರ್ಚ್ 10ರಂದು ಬೀಜಿಂಗ್‌ನಲ್ಲಿ ಸಂಬಂಧ ಮತ್ತೆ ಬೆಸೆಯುವ ಒಪ್ಪಂದಕ್ಕೆ ಸಹಿ ಹಾಕಿದ ಇರಾನ್‌ನ ಅಲಿ ಶಮ್ಖಾನಿ, ಸೌದಿಯ ಮುಸಾಯಿದ್ ಅಲ್ ಐಬಾನ್ ಇಬ್ಬರೂ ಭದ್ರತೆಯ ಹೊಣೆ ಹೊತ್ತವರೇ. ವಿದೇಶಾಂಗ ಸಚಿವರು ಭೇಟಿಯಾದದ್ದು ಆಮೇಲೆ, ಏಪ್ರಿಲ್‌ನಲ್ಲಿ. ಸೌದಿಗೆ ಭಯ ಇದ್ದದ್ದು ಕ್ಷಿಪಣಿ, ಡ್ರೋನ್‌ಗಳದ್ದು; ಅದಕ್ಕೆ ಖಾತರಿ ಕೊಡಬಲ್ಲವರೇ ಮೊದಲು ಬರಬೇಕಿತ್ತು.

ಒಪ್ಪಂದದ ಪಠ್ಯ ಸಿಕ್ಕರೆ ಗಡುವು ಹುಡುಕಿ. ಬೀಜಿಂಗ್ ಒಪ್ಪಂದ ರಾಯಭಾರ ಕಚೇರಿ ತೆರೆಯಲು ಎರಡು ತಿಂಗಳು ಕೊಟ್ಟಿತ್ತು. ರಿಯಾದ್‌ನಲ್ಲಿ ಇರಾನ್ ಕಚೇರಿ ತೆರೆದದ್ದು ಜೂನ್ 6ಕ್ಕೆ. ರಾಯಭಾರಿಗಳು ಅಧಿಕಾರ ವಹಿಸಿಕೊಂಡದ್ದು ಸೆಪ್ಟೆಂಬರ್‌ನಲ್ಲಿ. ಗಡುವು ಜಾರಿದ ಮಾತ್ರಕ್ಕೆ ಒಪ್ಪಂದ ಮುರಿಯಿತು ಎಂದು ಷರಾ ಬರೆಯಬೇಡಿ. ಹಳೆಯ ಒಪ್ಪಂದಗಳ ಹೆಸರಿದೆಯೇ ಎಂದೂ ನೋಡಿ. ಇಲ್ಲಿ 1998 ಮತ್ತು 2001ರವನ್ನು ಮತ್ತೆ ಜಾರಿಗೆ ತರುವ ಮಾತಿತ್ತು.

ಮನೆಯವರು ಕೊಲ್ಲಿಯಲ್ಲಿದ್ದರೆ, ಮಂಗಳೂರು, ಭಟ್ಕಳದ ಕಡೆ ಬಹಳ ಮನೆಗಳಲ್ಲಿ ಹಾಗಿದೆ, ರಾಯಭಾರಿಗಿಂತ ಮೊದಲು ವಾಯುಮಾರ್ಗ ವಿಚಾರಿಸಿ. ಕತಾರ್ ದಿಗ್ಬಂಧನದ ಕಾಲದಲ್ಲಿ ದುಬೈ–ದೋಹಾ ನೇರ ವಿಮಾನವೇ ನಿಂತು, ಮಸ್ಕತ್ ಅಥವಾ ಕುವೈತ್ ಸುತ್ತಿ ಹೋಗಬೇಕಾಗಿತ್ತು.