ಕುಬುಸದ ಚಿಂದಿ, ನೂಲಿನ ಹಗ್ಗ, ಒಂದು ಬುಟ್ಟಿ

ಕುಬುಸ ಹೊಲಿಯುವವರ ಮನೆಯಲ್ಲಿ ಚಿಂದಿಗೆ ಬರವಿಲ್ಲ. ಅದರಲ್ಲೂ ಗುಳೇದಗುಡ್ಡದಲ್ಲಿ ನೇಯುವ ಕುಬುಸದ ಬಟ್ಟೆ, ಅಂದರೆ ಖಣ, ಬಂತೆಂದರೆ ತೋಳಿನ ತುದಿಗೆ ಅಂಚು ಬರುವ ಹಾಗೆ ನೋಡಿ ನೋಡಿ ಕತ್ತರಿಸಬೇಕು, ಕೊನೆಗೆ ಕೈಯಲ್ಲಿ ಉಳಿಯುವುದು ಉದ್ದುದ್ದ ಪಟ್ಟಿಗಳು. ಇನ್ನೊಂದು ಕುಬುಸಕ್ಕೆ ಸಾಲುವುದಿಲ್ಲ, ಎಸೆಯಲು ಮನಸ್ಸು ಬಾರದು. ನಮ್ಮ ಕಡೆ ಇಂಥ ಬಟ್ಟೆಯೆಲ್ಲ ಕೌದಿಗೆ ಹೋಗುವುದು ರೂಢಿ. ಆದರೆ ಕೌದಿಗೆ ತೊಳೆದು ತೊಳೆದು ಮೆತ್ತಗಾದ ಸೀರೆ, ಧೋತರವೇ ಚೆಂದ. ಹೊಸ ಖಣ ಬಿರುಸು, ಹೊದ್ದರೆ ಚುಚ್ಚುತ್ತದೆ. ಆ ಬಿರುಸೇ ಬುಟ್ಟಿಗೆ ಬೇಕಾದ ಗುಣ. ನನ್ನ ಖಣದ ಚಿಂದಿ ಈಗ ನೂಲಿನ ಹಗ್ಗಕ್ಕೆ ಸುತ್ತಿಕೊಂಡು, ಸುತ್ತಿನ ಪಕ್ಕಕ್ಕೆ ಸುತ್ತು ಹೊಲಿಸಿಕೊಂಡು, ವೀಳ್ಯದೆಲೆ ಬಾಳೆಹಣ್ಣು ಇಟ್ಟು ಕೊಡುವ ಬುಟ್ಟಿಯಾಗುತ್ತದೆ.

ಹಗ್ಗ ಹತ್ತಿಯದೇ ಆಗಬೇಕು. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಅಗ್ಗ ನಿಜ, ಆದರೆ ಸುತ್ತಿದ ಬಟ್ಟೆ ಅದರ ಮೇಲೆ ಜಾರುತ್ತದೆ, ಇಸ್ತ್ರಿ ತಾಗಿದರೆ ಕರಗುತ್ತದೆ. ನಾನು ತರುವುದು 5ರಿಂದ 6 ಮಿಲಿಮೀಟರ್ ದಪ್ಪದ್ದು, ಮ್ಯಾಕ್ರಮೆಗೆಂದು, ಅಂದರೆ ಹಗ್ಗಕ್ಕೆ ಗಂಟು ಹಾಕಿ ಮಾಡುವ ಕೈಕೆಲಸಕ್ಕೆಂದು, ಮಾರುವಂಥದ್ದು. ಹುರಿ ಹಾಕಿದ ಹಗ್ಗಕ್ಕಿಂತ ಹೆಣೆದ ಹಗ್ಗ ವಾಸಿ, ಬಟ್ಟೆ ಸುತ್ತುವಾಗ ಅದರ ಹುರಿ ಬಿಚ್ಚಿಕೊಳ್ಳುವ ಪ್ರಶ್ನೆಯೇ ಇಲ್ಲ. 15 ಸೆಂಟಿಮೀಟರ್ ಅಗಲದ ತಳ, 8 ಸೆಂಟಿಮೀಟರ್ ಎತ್ತರದ ಗೋಡೆ ಬೇಕಿದ್ದರೆ ಸುಮಾರು 8 ಮೀಟರ್ ಹಗ್ಗ ಹಿಡಿಯುತ್ತದೆ. ತಳಕ್ಕೆ ಎರಡೂವರೆ ಮೀಟರ್ ಸಾಕು, ಉಳಿದದ್ದೆಲ್ಲ ಗೋಡೆಗೆ. ಬಟ್ಟೆ ಪಟ್ಟಿಯ ಒಟ್ಟು ಉದ್ದ ಹಗ್ಗಕ್ಕಿಂತ ಒಂದು ಮೀಟರ್ ಹೆಚ್ಚಿರಲಿ.

ಪಟ್ಟಿಯ ಅಗಲ ಒಂದು ಇಂಚು. ಬರೀ ಹತ್ತಿ ಬಟ್ಟೆಯಾದರೆ ತುದಿಗೆ ಸಣ್ಣದಾಗಿ ಕತ್ತರಿ ಕೊಟ್ಟು ಹರಿದುಬಿಡುತ್ತೇನೆ, ನೂಲಿನ ಗುಂಟ ನೇರವಾಗಿ ಬರುತ್ತದೆ. ರೇಷ್ಮೆ ಬೆರೆತ ಖಣವನ್ನು ಹಾಗೆ ಹರಿಯಬಾರದು, ಅಂಚೆಲ್ಲ ಎಳೆ ಎಳೆ ಬಿಟ್ಟುಕೊಳ್ಳುತ್ತದೆ. ಅದನ್ನು ಒಂದೂವರೆ ಇಂಚಿಗೆ ಕತ್ತರಿಸಿ, ಒಂದು ಬದಿಯನ್ನು ಅರ್ಧ ಇಂಚು ಒಳಗೆ ಮಡಚಿ ಇಸ್ತ್ರಿ ಹಾಕುತ್ತೇನೆ. ಸುತ್ತುವಾಗ ಮಡಚಿದ ಬದಿ ಮೇಲೆ, ಕತ್ತರಿಸಿದ ಬದಿ ಮುಂದಿನ ಸುತ್ತಿನ ಅಡಿಗೆ. ಎಳೆ ಇಣುಕುವುದಿಲ್ಲ. ಎಳೆ ಬಿಟ್ಟ ಬುಟ್ಟಿಯೇ ಚೆಂದ ಅನ್ನುವವರಿದ್ದಾರೆ. ನನಗೆ ಅದು ಅರ್ಧ ಮುಗಿದ ಕೆಲಸದ ಹಾಗೆ ಕಾಣುತ್ತದೆ. ಖಣದ ಹಿಂಬದಿ ಮಂಕು, ಎಳೆಗಳು ಉದ್ದಕ್ಕೆ ತೇಲಿಕೊಂಡಿರುತ್ತವೆ, ಹಾಗಾಗಿ ಪಟ್ಟಿ ಎಲ್ಲೂ ಮಗುಚದಂತೆ ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ಸುತ್ತಬೇಕು. ಗಾಢ ಕೆಂಪು, ನೇರಳೆ ಬಟ್ಟೆಯನ್ನು ಮೊದಲೇ ಉಪ್ಪುನೀರಲ್ಲಿ ನೆನೆಸಿ ಬಣ್ಣ ಬಿಡುತ್ತದೋ ನೋಡಿಕೊಳ್ಳಿ.

ಪಟ್ಟಿಯನ್ನು ಓರೆಯಾಗಿ ಸುತ್ತುತ್ತ, ಪ್ರತಿ ಸುತ್ತೂ ಹಿಂದಿನದರ ಮೂರನೇ ಒಂದು ಭಾಗವನ್ನು ಮುಚ್ಚುವ ಹಾಗೆ ಹೋಗುವುದು. ಇಡೀ ಹಗ್ಗವನ್ನು ಒಮ್ಮೆಲೇ ಸುತ್ತಿಟ್ಟುಕೊಳ್ಳುವವರೂ ಉಂಟು. ನಾನು ಒಂದೆರಡು ಮೊಳ ಸುತ್ತಿ, ಬಿಚ್ಚದಂತೆ ಬಟ್ಟೆ ಕ್ಲಿಪ್ ಸಿಕ್ಕಿಸಿ, ಅಷ್ಟನ್ನು ಹೊಲಿದು ಮುಂದಕ್ಕೆ ಹೋಗುತ್ತೇನೆ. ಕಾರಣ ಬಣ್ಣ. ಒಂದು ಮೀಟರ್ ಪಟ್ಟಿ ತಳದ ನಡುವಿನಲ್ಲಿ ಐದಾರು ಸುತ್ತು ಬರುತ್ತದೆ, ಗೋಡೆಗೆ ಬಂದರೆ ಎರಡು ಸುತ್ತೂ ತುಂಬುವುದಿಲ್ಲ. ಅದಕ್ಕೇ ಗೇಣುದ್ದದ ತುಂಡುಗಳೆಲ್ಲ ತಳಕ್ಕೆ, ಉದ್ದನೆಯವು ಗೋಡೆಗೆ, ಅಂಚಿನ ಪಟ್ಟಿಯನ್ನು ಮಾತ್ರ ಬುಟ್ಟಿಯ ಬಾಯಿಗೆಂದು ಎತ್ತಿಡುತ್ತೇನೆ. ಯಾವ ಬಣ್ಣದ ಪಕ್ಕ ಯಾವುದು ಎಂಬುದು ಬುಟ್ಟಿ ಮೇಲೇಳುತ್ತಿದ್ದ ಹಾಗೆ ತಾನಾಗಿ ಗೊತ್ತಾಗುತ್ತದೆ. ಬಣ್ಣ ಬದಲಿಸುವುದನ್ನು ಒಂದೇ ಪಕ್ಕದಲ್ಲಿ, ಒಂದರ ಮೇಲೊಂದು ಬರುವಂತೆ ಮಾಡಿದರೆ ಆ ಪಕ್ಕ ಗೋಡೆ ಕಡೆಗೆ ತಿರುಗಿಸಿಡಬಹುದು.

ಯಂತ್ರದಲ್ಲಿ ಜಿಗ್‌ಜಾಗ್ ಹೊಲಿಗೆ ಇರಬೇಕು. ಅಗಲ 5 ಮಿಲಿಮೀಟರ್, ಉದ್ದ ಎರಡೂವರೆ, ಸೂಜಿ ಜೀನ್ಸ್ ಹೊಲಿಯುವ 16ನೇ ನಂಬರಿನದು. ಶುರುವಿಗೆ ಹಗ್ಗದ ತುದಿಯನ್ನು ಬಟ್ಟೆಯಿಂದ ಮುಚ್ಚಿ, ಬಿಗಿಯಾಗಿ ಎರಡು ಮೂರು ಸುತ್ತು ಸುರುಳಿ ಸುತ್ತಿ, ಅಡ್ಡಡ್ಡ ಎರಡು ನೇರ ಹೊಲಿಗೆ ಹಾಕಿದರೆ ಸಣ್ಣದೊಂದು ಸಿಂಬೆಯಂತೆ ಕೂರುತ್ತದೆ. ಅಲ್ಲಿಂದ ಮುಂದೆ ತಳವೆಲ್ಲ ಸೂಜಿಯ ಎಡಕ್ಕೆ, ಹೊಸ ಹಗ್ಗ ಬಲಕ್ಕೆ. ಯಂತ್ರದ ಬಲಗಡೆ ಜಾಗ ಕಡಿಮೆ, ಬುಟ್ಟಿ ಬೆಳೆದ ಮೇಲೆ ಅಲ್ಲಿ ಹಿಡಿಸುವುದಿಲ್ಲ. ಸೂಜಿ ಒಮ್ಮೆ ಹಳೆ ಸುತ್ತಿಗೆ, ಒಮ್ಮೆ ಹೊಸ ಸುತ್ತಿಗೆ ಚುಚ್ಚಬೇಕು. ಆಗಾಗ ತಳವನ್ನು ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ಸುತ್ತುಗಳ ನಡುವೆ ಬೆಳಕು ಕಂಡರೆ ಅಲ್ಲಿ ಹೊಲಿಗೆ ತಪ್ಪಿದೆ ಎಂದೇ ಲೆಕ್ಕ. ಹಗ್ಗವನ್ನು ಎಳೆದು ಹಿಡಿದರೆ ತಳ ತಟ್ಟೆಯಾಗದೆ ಬಟ್ಟಲಾಗುತ್ತದೆ, ತೀರಾ ಸಡಿಲ ಬಿಟ್ಟರೆ ಅಲೆ ಅಲೆಯಾಗಿ ಏಳುತ್ತದೆ.

ಗೋಡೆ ಏಳಿಸುವುದರಲ್ಲೇ ಇರುವುದು ಮಜಾ. ಹೊಲಿಗೆ ಅದೇ, ಹಗ್ಗ ಅದೇ, ಬದಲಾಗುವುದು ಎಡಗೈ ಮಾತ್ರ. ತಳ ಸಾಕಷ್ಟು ಅಗಲವಾಯಿತು ಅನಿಸಿದಾಗ ಅದರ ಎಡ ಅಂಚನ್ನು ಮೇಲಕ್ಕೆತ್ತಿ ಹಿಡಿದು ಹೊಲಿಯಬೇಕು. ಸ್ವಲ್ಪವೇ ಎತ್ತಿದರೆ ಅಗಲ ಬಾಯಿಯ ಹರಿವಾಣದಂಥ ಬುಟ್ಟಿ. ಪೂರ್ತಿ ಎತ್ತಿ ಯಂತ್ರದ ತಲೆಯ ಪಕ್ಕಕ್ಕೆ ಒರಗಿಸಿದರೆ ಗೋಡೆ ನೆಟ್ಟಗೆ ನಿಲ್ಲುತ್ತದೆ. ಎತ್ತಿದ ಕೈ ಒಂದು ಸುತ್ತಿನಲ್ಲಿ ಇಳಿಯಿತು, ಇನ್ನೊಂದರಲ್ಲಿ ಏರಿತು ಎಂದರೆ ಆ ಏರಿಳಿತವೆಲ್ಲ ಗೋಡೆಯಲ್ಲಿ ಕಾಣುತ್ತದೆ. ಆದ್ದರಿಂದ ಎಡಗೈಗೆ ಆನಿಕೆಯಾಗಿ ಒಂದು ದಪ್ಪ ಪುಸ್ತಕ ಇಟ್ಟುಕೊಳ್ಳುತ್ತೇನೆ. ಹೀಗೆ ಹೊಲಿಯುವಾಗ ಸೂಜಿ ಇರುವುದು ಬುಟ್ಟಿಯ ಒಳಗೆ. ಹೊರಗೆ ಕಾಣುವುದು ಮೇಲಿನ ನೂಲಲ್ಲ, ಕೆಳಗಿನ ಬಾಬಿನ್ನಿನ ನೂಲು. ಒಳ್ಳೆಯ ಬಣ್ಣದ ನೂಲನ್ನು ಬಾಬಿನ್ನಿಗೆ ತುಂಬಿ. ಭರ್ತಿ ತುಂಬಿ, ಗೋಡೆಯ ನಡುವೆ ನೂಲು ಮುಗಿದರೆ ಬುಟ್ಟಿ ತೆಗೆದು ಮತ್ತೆ ಅದೇ ಓರೆಗೆ ಕೂರಿಸುವುದು ತಲೆನೋವು.

ಹಿಡಿಕೆ ಬೇಕಿದ್ದರೆ ಕೊನೆಯ ಸುತ್ತಿಗೆ ಮುಂಚೆ ಎದುರುಬದುರು ಎರಡು ಕಡೆ ನಾಲ್ಕು ಬೆರಳಷ್ಟು ಹಗ್ಗವನ್ನು ಹೊಲಿಯದೆ ಕಮಾನಾಗಿ ಬಿಟ್ಟು, ಮುಂದಿನ ಸುತ್ತನ್ನು ಆ ಕಮಾನಿನ ಮೇಲೇ ಕೂಡಿಸಿ. ಹಗ್ಗದ ಕೊನೆಯನ್ನು ಕತ್ತರಿಯಿಂದ ಓರೆಯಾಗಿ ತೆಳ್ಳಗೆ ಮಾಡಿ ಸುತ್ತಿದರೆ ಬಾಯಿಯಲ್ಲಿ ಮೆಟ್ಟಿಲು ಬೀಳುವುದಿಲ್ಲ. ಅಲಂಕಾರಕ್ಕೆ ಸೀರೆಗೆ ಹಾಕುವಂಥ ಕುಚ್ಚನ್ನು ಬಾಯಿಯ ಸುತ್ತ ಕಟ್ಟುತ್ತೇನೆ, ಕೆಲವೊಮ್ಮೆ ಕವಡೆ. ಕನ್ನಡಿ ಚೂರು, ಗೋಟಾ ಜರಿಪಟ್ಟಿ ಎಲ್ಲ ಒಟ್ಟಿಗೇ ಬೇಡ. ಖಣದ ಮೇಲೆ ಆಗಲೇ ಬೇಕಾದಷ್ಟು ನಡೆದಿರುತ್ತದೆ.

ಮನೆಯಲ್ಲಿ ಇರುವುದು ಹಳೇ ಕರಿ ಯಂತ್ರ, ನೇರ ಹೊಲಿಗೆ ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದರೆ ಕೈಯಿಂದಲೂ ಮಾಡಬಹುದು. ಎರಡೆಳೆ ನೂಲಿಗೆ ಮೇಣ ಸವರಿ, ಹೊಸ ಸುತ್ತಿನ ಬಟ್ಟೆಯನ್ನೊಮ್ಮೆ, ಹಳೇ ಸುತ್ತಿನ ಬಟ್ಟೆಯನ್ನೊಮ್ಮೆ ಎತ್ತಿಕೊಳ್ಳುತ್ತ ಅರ್ಧ ಸೆಂಟಿಮೀಟರಿಗೊಂದು ಹೊಲಿಗೆ ಹಾಕಿ ಬಿಗಿಯುತ್ತ ಹೋಗಿ. ಹೊಲಿಗೆ ಕಾಣುವುದೇ ಇಲ್ಲ, ಆ ಮಟ್ಟಿಗೆ ಯಂತ್ರದ್ದಕ್ಕಿಂತ ನಾಜೂಕು. ಬಿಗಿ ಮಾತ್ರ ಅಷ್ಟು ಬರುವುದಿಲ್ಲ, ಎತ್ತರದ ಗೋಡೆ ಒರಗುತ್ತದೆ. ಮೂರು ಇಂಚಿಗೆ ನಿಲ್ಲಿಸಿದರೆ ಕುಂಕುಮದ ಭರಣಿ, ಬಳೆ, ಹೂವು ಇಡಲು ಧಾರಾಳ.